ಸ್ಕಾಟ್ಲೆಂಡಿನ ಟೇ ನದಿ: ಸಾಲ್ಮನ್ ಗಾಳದ ಮೊದಲ ದಿನ, ಗೆಳೆಯನ ಜೊತೆ

ಟೇ ದಡದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೊಳೆ, ಮೀನು, ಗಾಳ ಅಂದರೆ ಜೀವ ಬಿಡುವವರು ಸುಮಾರು ಜನ ಇದ್ದೀರಿ. ಅದಕ್ಕೇ ನಿಮಗೆ ಹೇಳಬೇಕು ಅನ್ನಿಸಿತು.

ನಾನು ಕೊಪ್ಪದ ಕಡೆಯವನು. ಈಗ ಇರುವುದು ಪರ್ತ್‌ನಲ್ಲಿ. ಆಸ್ಟ್ರೇಲಿಯಾದ ಪರ್ತ್ ಅಲ್ಲ, ಸ್ಕಾಟ್ಲೆಂಡಿನದು. ಊರನ್ನು ಸವರಿಕೊಂಡೇ ಟೇ ನದಿ ಹರಿಯುತ್ತದೆ. ಸ್ಕಾಟ್ಲೆಂಡಿನ ಅತಿ ಉದ್ದದ ನದಿ ಇದು. ಇಡೀ ಬ್ರಿಟನ್ನಿನಲ್ಲಿ ಇದರಷ್ಟು ನೀರು ಹೊತ್ತು ತರುವ ನದಿ ಇನ್ನೊಂದಿಲ್ಲ. ಇಲ್ಲಿ ಸಾಲ್ಮನ್ ಹಿಡಿಯುವ ಕಾಲ ಶುರುವಾಗುವುದು ಜನವರಿ 15ಕ್ಕೆ, ಮುಗಿಯುವುದು ಅಕ್ಟೋಬರ್ 15ಕ್ಕೆ. ಜನವರಿ 15 ಭಾನುವಾರ ಬಂದರೆ ಮಾರನೇ ದಿನ ಶುರು. ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವುದು ಇಡೀ ಸ್ಕಾಟ್ಲೆಂಡಿನಲ್ಲಿ ಕಾನೂನಿಗೆ ವಿರುದ್ಧ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಹನ್ನೆರಡು ವರ್ಷದ ಹುಡುಗ ಇದ್ದಾಗಿನಿಂದ ಈ ಮೊದಲ ದಿನ ತಪ್ಪಿಸಿಲ್ಲ. ಮೂರು ವರ್ಷದಿಂದ ಕರೆಯುತ್ತಿದ್ದ. ಒಂದು ಸಲವೂ ನನಗೆ ರಜೆ ಸಿಕ್ಕಿರಲಿಲ್ಲ. ಈ ಸಲ ಸಿಕ್ಕಿತು. ನನಗೆ ಇದು ಸಂಕ್ರಾಂತಿ ಸಮಯ ಬೇರೆ. ಹೆಂಡತಿ ಎಳ್ಳು ಬೆಲ್ಲ ಒಂದು ಡಬ್ಬಿಗೆ ಹಾಕಿ ಕೊಟ್ಟಳು.

ಬೆಳಿಗ್ಗೆ ಆರೂವರೆಗೆ ಬಂದ. ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು ಹೊರಟೆವು. ಮೊದಲು ಹೋಗಿದ್ದು ಕೆನ್‌ಮೋರ್‌ಗೆ. ಲಾಖ್ ಟೇ ಅನ್ನುವ ದೊಡ್ಡ ಸರೋವರದಿಂದ ನದಿ ಹೊರಗೆ ಬರುವ ಜಾಗ ಅದು. ಅಲ್ಲಿ ಮೊದಲ ದಿನ ಬ್ಯಾಗ್‌ಪೈಪ್ ಊದುತ್ತಾ ಮೆರವಣಿಗೆ ಹೊರಡುತ್ತದೆ. ಹಿಂದೆ ಗಾಳದ ಕೋಲು ಹಿಡಿದ ಜನ. ಎಂಬತ್ತು ದಾಟಿದ ಅಜ್ಜಂದಿರೂ ಇದ್ದರು, ಅವರ ಕೈ ಹಿಡಿದ ಮೊಮ್ಮಕ್ಕಳೂ ಇದ್ದರು. ನೀರಿನ ಹತ್ತಿರ ದೋಣಿ ನಿಲ್ಲಿಸಿ, ಅದರ ಮೂತಿಯ ಮೇಲೆ ವಿಸ್ಕಿ ಸುರಿದು, ನದಿಗೆ ಒಳ್ಳೆಯದಾಗಲಿ ಅಂತ ಹರಸುತ್ತಾರೆ. ಆಮೇಲೇ ಮೊದಲ ಗಾಳ ನೀರಿಗೆ ಬೀಳುವುದು. ಊದುವವರ ಬೆರಳು ಚಳಿಗೆ ಕೆಂಪಾಗಿದ್ದವು. ಎಂಟೂವರೆ ದಾಟಿದ ಮೇಲೆ ಬೆಳಕು ಹರಿದಿತ್ತು. ಆ ಸದ್ದಿಗೆ ನನಗೆ ಮೈ ಜುಮ್ಮೆಂದಿತು.

ನಾವು ಗಾಳ ಹಾಕಿದ್ದು ಅಲ್ಲಲ್ಲ, ಅಬರ್‌ಫೆಲ್ಡಿಯಿಂದ ಸ್ವಲ್ಪ ಕೆಳಗೆ, ಒಂದು ಬೀಟ್‌ನಲ್ಲಿ. ಬೀಟ್ ಅಂದರೆ ಒಬ್ಬ ಮಾಲೀಕನಿಗೆ ಸೇರಿದ ನದಿಯ ತುಂಡು. ಅಲ್ಲಿ ಗಿಲ್ಲಿ ಅಂತ ಒಬ್ಬರು ಇರುತ್ತಾರೆ. ದೋಣಿ ನೋಡಿಕೊಳ್ಳುವುದು, ಯಾವ ಮಡುವಿನಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಕಾಲಿಟ್ಟರೆ ಜಾರುತ್ತದೆ ಅಂತ ಹೇಳುವುದು ಅವರ ಕೆಲಸ. ನಮ್ಮ ಗಿಲ್ಲಿ ನನ್ನ ಬೂಟು, ಲೈಫ್ ಜಾಕೆಟ್ ಎರಡನ್ನೂ ಎಳೆದು ನೋಡಿಯೇ ನೀರಿಗೆ ಬಿಟ್ಟರು.

ಕೋಲು ಹದಿನೈದು ಅಡಿ, ಎರಡೂ ಕೈಯಲ್ಲಿ ಹಿಡಿಯಬೇಕು. ತಣ್ಣೀರಲ್ಲಿ ಮೀನು ತಳದಲ್ಲೇ ಇರುತ್ತದೆ, ಹಾಗಾಗಿ ಮುಳುಗುವ ದಾರ. ಅದರ ತುದಿಗೆ ಫ್ಲೈ, ಅಂದರೆ ಗಾಳಕ್ಕೆ ಕಪ್ಪು, ಕಿತ್ತಳೆ, ಹಳದಿ ಕೂದಲು ಕಟ್ಟಿದ್ದು. ಗಾಳದ ಹಿಂಬದಿ ಮುಳ್ಳನ್ನು ಗೆಳೆಯ ಇಕ್ಕಳದಲ್ಲಿ ಒತ್ತಿ ಮಟ್ಟಸ ಮಾಡಿದ್ದ. ಅಡ್ಡಕ್ಕೆ ಎಸೆಯಬೇಕು, ದಾರ ಸೆಳವಿನಲ್ಲಿ ಬಾಗಿಕೊಂಡು ನಮ್ಮ ದಡದ ಕಡೆ ಬರುವವರೆಗೆ ಕಾಯಬೇಕು, ಎರಡು ಹೆಜ್ಜೆ ಕೆಳಗೆ ಇಡಬೇಕು, ಮತ್ತೆ ಎಸೆಯಬೇಕು. ಅಷ್ಟೇ. ಐದಾರು ಸಲ ಎಸೆದರೆ ಕೋಲಿನ ಬಳೆಗಳಲ್ಲಿ ಐಸ್ ಕಟ್ಟಿಕೊಂಡು ದಾರ ಓಡುವುದೇ ಇಲ್ಲ. ಕೋಲನ್ನು ನೀರಿಗೆ ಅದ್ದಿ ಕರಗಿಸಿಕೊಂಡು ಮತ್ತೆ ಶುರು.

ಹನ್ನೆರಡರ ಹೊತ್ತಿಗೆ ದಡದಲ್ಲಿ ಕೂತು ಚಹಾ ಕುಡಿದೆವು. ಎಳ್ಳು ಬೆಲ್ಲ ಕೊಟ್ಟೆ. ತಿಂದು ಒಳ್ಳೆಯ ಮಾತಾಡಬೇಕು ಅಂತ ನಮ್ಮ ಪದ್ಧತಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ನೀನು ಬಂದದ್ದು ಒಳ್ಳೆಯದಾಯಿತು" ಅಂದ. ಕೊಬ್ಬರಿ ಚೂರು ಮಾತ್ರ ಆರಿಸಿ ಆರಿಸಿ ತಿಂದ.

ಎರಡು ಗಂಟೆಗೆ ನನ್ನ ದಾರ ಭಾರವಾಯಿತು. ಕಲ್ಲಿಗೆ ಸಿಕ್ಕಿಕೊಂಡಿತು ಅಂದುಕೊಂಡೆ. ಆಮೇಲೆ ಆ ಕಲ್ಲು ತಲೆ ಅಲ್ಲಾಡಿಸಿತು. ಹತ್ತು ನಿಮಿಷದಲ್ಲಿ ಗೆಳೆಯ ಬಲೆಯೊಳಗೆ ತೆಗೆದುಕೊಂಡ. ನೋಡಿದ ತಕ್ಷಣ "ಕೆಲ್ಟ್" ಅಂದ. ಕಳೆದ ನವೆಂಬರ್, ಡಿಸೆಂಬರಿನಲ್ಲಿ ಮೊಟ್ಟೆ ಇಟ್ಟು ಮುಗಿಸಿ, ಈಗ ಸಮುದ್ರಕ್ಕೆ ವಾಪಸ್ ಇಳಿಯುತ್ತಿರುವ ಹೆಣ್ಣು ಮೀನು ಅದು.

ಎರಡೂವರೆ ಅಡಿ ಉದ್ದ ಇತ್ತು. ಆದರೆ ಹೊಟ್ಟೆ ಒಳಗೆ ಹೋಗಿತ್ತು. ತಲೆ ದೊಡ್ಡದು, ಮೈ ಸಣ್ಣದು. ಬಾಲದ ರೆಕ್ಕೆಯ ಅಂಚು ಹರಿದಿತ್ತು, ಯಾಕೆಂದರೆ ಬಾಲದಿಂದಲೇ ಜಲ್ಲಿಕಲ್ಲು ಕೆದಕಿ ಗುಂಡಿ ಮಾಡಿ ಮೊಟ್ಟೆ ಇಡುವುದು. ಕಿವಿರಿನ ಮೇಲೆ ಅಕ್ಕಿ ನುಚ್ಚಿನ ಹಾಗೆ ಬಿಳಿ ಹುಳ ಕಚ್ಚಿಕೊಂಡಿದ್ದವು. ಅದನ್ನು ನೀರಿನಿಂದ ಮೇಲೆ ಎತ್ತಲೇ ಇಲ್ಲ. ಗೆಳೆಯ ಗಾಳ ಬಿಡಿಸಿದ. ನನಗೆ ಬಾಲದ ಬುಡ ಹಿಡಿದುಕೊಂಡು, ಮೂತಿ ಸೆಳವಿಗೆ ಎದುರಾಗಿ ಇಡು ಅಂದ. ಇಟ್ಟೆ. ಕಿವಿರು ತೆರೆಯಿತು, ಮುಚ್ಚಿತು. ಎರಡು ಮೂರು ನಿಮಿಷ ಹಾಗೇ ಇತ್ತು. ಕೈಗೆ ಮೆಲ್ಲಗೆ ಬಲ ಬರುತ್ತಿರುವುದು ಗೊತ್ತಾಯಿತು. ಆಮೇಲೆ ಒಂದು ಕೊಸರು, ಹೋಯಿತು.

ಕಡಲಿಂದ ಆಗಷ್ಟೇ ಬಂದ ಹೊಸ ಮೀನು ನಮ್ಮಿಬ್ಬರಿಗೂ ಸಿಗಲಿಲ್ಲ. ಕೆಲ್ಟ್ ಅನ್ನು ಇಲ್ಲಿ ಹಿಡಿದ ಮೀನು ಅಂತ ಲೆಕ್ಕಕ್ಕೆ ಹಾಕುವುದಿಲ್ಲ. ಬೀಟ್‌ನ ಪುಸ್ತಕದಲ್ಲಿ ಆ ದಿನ ನಮ್ಮ ಮುಂದೆ ಸೊನ್ನೆ ಬರೆದರು. ನಾಲ್ಕು ಗಂಟೆಗೆಲ್ಲ ಕತ್ತಲು. ಆದರೂ ಇಷ್ಟು ಸಂತೋಷದ ದಿನ ಈ ದೇಶದಲ್ಲಿ ನನಗೆ ಜಾಸ್ತಿ ಬಂದಿಲ್ಲ.

ಮಲ್ಪೆ ಬಂದರು:

ಓದಿ ಖುಷಿ ಆಯ್ತು ಮಾರಾಯ್ರೇ. ನಮ್ಮಲ್ಲಿಯೂ ಹೀಗೇ ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಆಮೇಲೆ ಸಮುದ್ರ ಪೂಜೆ. ಹಾಲು ಎರೆದು, ತೆಂಗಿನಕಾಯಿ, ಹೂವು ಕಡಲಿಗೆ ಬಿಡುತ್ತೇವೆ. ಅವರು ವಿಸ್ಕಿ ಸುರಿಯುತ್ತಾರೆ. ನಂಬಿಕೆ ಒಂದೇ. ಕೊಡುವ ನೀರಿಗೆ ಮೊದಲು ನಾವು ಕೊಡಬೇಕು.

ಒಂದು ಪ್ರಶ್ನೆ. ಮುಂಬೈ ಹೋಟೆಲುಗಳಲ್ಲಿ ರಾವಸನ್ನು ಇಂಡಿಯನ್ ಸಾಲ್ಮನ್ ಅಂತ ಬರೆದಿರುತ್ತಾರೆ. ಅದೂ ಇದೂ ಒಂದೇ ಜಾತಿಯಾ?

ಟೇ ದಡದಿಂದ:

ಅಲ್ಲ ಅಣ್ಣ. ರಾವಸ್ ಬೇರೆಯೇ ಕುಟುಂಬದ ಮೀನು, ಕೆನ್ನೆ ಕೆಳಗೆ ದಾರದಂಥ ಎಳೆ ಇರುವಂಥದ್ದು. ಹೆಸರು ಮಾತ್ರ ಸಾಲ್ಮನ್. ಟೇ ನದಿಯದು ಅಟ್ಲಾಂಟಿಕ್ ಸಾಲ್ಮನ್. ಹುಟ್ಟುವುದು ಹೊಳೆಯ ಜಲ್ಲಿಯಲ್ಲಿ. ಇಲ್ಲಿ ಎರಡು ಮೂರು ವರ್ಷ ಬೆರಳುದ್ದದ ಮರಿಯಾಗಿ ಬೆಳೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳ್ಳಿ ಬಣ್ಣಕ್ಕೆ ತಿರುಗಿ ಕಡಲಿಗೆ ಇಳಿಯುತ್ತದೆ. ಫ್ಯಾರೋ ದ್ವೀಪ, ಗ್ರೀನ್‌ಲ್ಯಾಂಡ್ ಕಡೆಯವರೆಗೂ ಹೋಗಿ ತಿಂದು ದಪ್ಪವಾಗುತ್ತದೆ. ಒಂದು ವರ್ಷವೋ ಮೂರು ವರ್ಷವೋ ಆದ ಮೇಲೆ ಹುಟ್ಟಿದ ಹೊಳೆಯ ವಾಸನೆ ಹಿಡಿದು ವಾಪಸ್ ಬರುತ್ತದೆ. ಹೊಳೆಗೆ ಬಂದ ಮೇಲೆ ಊಟ ನಿಲ್ಲಿಸಿಬಿಡುತ್ತದೆ. ಮೈಯಲ್ಲಿರುವ ಕೊಬ್ಬು ಕರಗಿಸಿಕೊಂಡೇ ತಿಂಗಳುಗಟ್ಟಲೆ ಇರುತ್ತದೆ. ಹಸಿವಿಲ್ಲದ ಮೀನು ಗಾಳ ಕಚ್ಚುವುದು ಯಾಕೆ ಅಂತ ಗೆಳೆಯನನ್ನು ಕೇಳಿದೆ. "ಮೂವತ್ತು ವರ್ಷದಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ" ಅಂದ.

ಹೊಸ ಗಾಳ:

ಅಣ್ಣ, ನಾನು ಗ್ಲಾಸ್ಗೋದಲ್ಲಿ ಓದುತ್ತಿದ್ದೇನೆ. ಲೈಸೆನ್ಸ್ ಬೇಕಾ? ದುಡ್ಡು ಜಾಸ್ತಿ ಆಗುತ್ತಾ? ಹಿಡಿದಿದ್ದನ್ನು ಮನೆಗೆ ತರಬಹುದಾ?

ಟೇ ದಡದಿಂದ:

ಇಂಗ್ಲೆಂಡಿನ ಥರ ಸರ್ಕಾರಿ ಲೈಸೆನ್ಸ್ ಸ್ಕಾಟ್ಲೆಂಡಿನಲ್ಲಿ ಇಲ್ಲ. ಆದರೆ ಆ ತುಂಡು ಯಾರದೋ ಅವರ ಪರ್ಮಿಟ್ ಬೇಕೇ ಬೇಕು. ಇಲ್ಲದೆ ಸಾಲ್ಮನ್‌ಗೆ ಗಾಳ ಹಾಕಿದರೆ ಅಪರಾಧ. ಸುಮ್ನೆ ಪ್ರಯತ್ನ ಮಾಡೋಣ ಅಂತ ಹೋಗಬೇಡ. ಜನವರಿಯಲ್ಲಿ ದರ ಕಡಿಮೆ, ಸೆಪ್ಟೆಂಬರಿನಲ್ಲಿ ಏರುತ್ತದೆ. ಕೋಲು, ಬೂಟು ಬಾಡಿಗೆಗೆ ಸಿಗುತ್ತವೆ. ಒಬ್ಬನೇ ಮಾತ್ರ ನೀರಿಗೆ ಇಳಿಯಬೇಡ.

ಮನೆಗೆ ತರುವ ಮಾತು: ಏಪ್ರಿಲ್ 1ಕ್ಕಿಂತ ಮೊದಲು ಸಿಕ್ಕ ಪ್ರತಿಯೊಂದು ಸಾಲ್ಮನ್ ಮೀನನ್ನೂ ವಾಪಸ್ ಬಿಡಲೇಬೇಕು, ಕಾನೂನು. ಕೆಲವು ನದಿಗಳಲ್ಲಿ ವರ್ಷಪೂರ್ತಿ ಹಾಗೆ. ಆಮೇಲೂ ಜನ ತಾವಾಗಿಯೇ ಬಿಡುತ್ತಾರೆ. ಈಗ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ವಾಪಸ್ ನೀರಿಗೇ ಹೋಗುತ್ತವೆ. ಗಾಳದಲ್ಲಿ ಹಿಡಿದ ಸಾಲ್ಮನ್ ಮಾರುವುದು 2002ರಿಂದಲೇ ನಿಷೇಧ. ಅಂಗಡಿಯಲ್ಲಿ ಕಾಣುವ ಸ್ಕಾಟಿಷ್ ಸಾಲ್ಮನ್ ಕಡಲ ಪಂಜರದಲ್ಲಿ ಸಾಕಿದ್ದು.

ಶೃಂಗೇರಿ ಮಂಡಕ್ಕಿ:

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ನಾನು ಚಿಕ್ಕವಳಿದ್ದಾಗಿನಿಂದ ಮಠದ ಮೆಟ್ಟಿಲ ಮೇಲೆ ಕೂತು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ ಬೆಳೆದವಳು. ತಿನ್ನುವುದಕ್ಕೆ ಹಿಡಿದರೆ ಹಸಿವು ಅನ್ನಬಹುದು. ತಿನ್ನದೆ, ಬಾಯಿಗೆ ಗಾಳ ಚುಚ್ಚಿ, ಹತ್ತು ನಿಮಿಷ ಎಳೆದಾಡಿಸಿ, ಆಮೇಲೆ ಬಿಟ್ಟೆ ಅಂದರೆ ಅದು ಯಾವ ಪ್ರೀತಿ? ಅದೂ ಮೊಟ್ಟೆ ಇಟ್ಟು ಸುಸ್ತಾದ ಮೀನು.

ಟೇ ದಡದಿಂದ:

ಬೇಜಾರಿಲ್ಲ ಅಕ್ಕ. ಆ ಮೀನಿನ ಬಾಲ ಹಿಡಿದು ನಿಂತಾಗ ನನಗೂ ಇದೇ ಬಂತು. ಅದಕ್ಕೆ ತೊಂದರೆ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ. ಆಗಿದೆ. ಗಾಳದ ಮುಳ್ಳು ಒತ್ತುವುದು, ನೀರಿನಿಂದ ಎತ್ತದಿರುವುದು, ಬೇಗ ದಡಕ್ಕೆ ತರುವುದು, ಎಲ್ಲವೂ ಆ ತೊಂದರೆ ಕಡಿಮೆ ಮಾಡಲಿಕ್ಕೆ.

ಆದರೆ ಒಂದನ್ನು ಕಣ್ಣಾರೆ ಕಂಡೆ. 2023ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಬ್ರಿಟನ್ನಿನ ಸಾಲ್ಮನ್ ಅಳಿವಿನಂಚಿಗೆ ಬಂದಿದೆ ಅಂತ ಸೇರಿಸಿದರು. ನೀರು ಬಿಸಿ ಆಗುತ್ತಿದೆ, ಕಡಲಿಗೆ ಹೋದವು ವಾಪಸ್ ಬರುತ್ತಿಲ್ಲ, ಅಡ್ಡಕಟ್ಟೆಗಳು, ಸಾಕಣೆ ಪಂಜರದ ಹೇನು, ಹೀಗೆ ನೂರು ಕಾರಣ. ಚಳಿಗಾಲದಲ್ಲಿ ದಡಕ್ಕೆ ಬಂದು ಈ ನದಿಯ ಮುಖ ನೋಡುವವರು ಯಾರು ಅಂದರೆ ಈ ಗಾಳದವರೇ. ಹಳ್ಳದ ಬದಿ ನೆರಳಿಗೆ ಗಿಡ ನೆಡುವವರಲ್ಲಿಯೂ ಇವರೇ ಜಾಸ್ತಿ. ನನ್ನ ಗೆಳೆಯ ರಜೆಯಲ್ಲಿ ಅದೇ ಕೆಲಸಕ್ಕೆ ಹೋಗುತ್ತಾನೆ.

ಕಾವೇರಿ ಮಡು:

ಸಾರ್ ಹೇಳಿದ್ದಕ್ಕೆ ನಮ್ಮ ಕಡೆಯ ಮಾತೂ ಸೇರಿಸುತ್ತೇನೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಮಹಶೀರ್ ಹಿಡಿದು ಬಿಡುವ ಪದ್ಧತಿ ಇತ್ತು. ನಮ್ಮವರು ಬಿಳಿ ಮೀನು ಅನ್ನುತ್ತಾರೆ. ರಾಗಿ ಮುದ್ದೆಯೇ ಅದಕ್ಕೆ ಎರೆ. ನಮ್ಮ ಸಂಬಂಧಿಕರೊಬ್ಬರು ಅಲ್ಲಿ ತೆಪ್ಪ ಹಾಕುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಅಂತಾಗಿ ಅದು ನಿಂತು ಹತ್ತು ವರ್ಷದ ಮೇಲಾಯಿತು. ಕಾನೂನು ತಪ್ಪು ಅಂತ ಅನ್ನುವುದಿಲ್ಲ. ಆದರೆ ಅವರು ಹೇಳುವುದು ಇದು: ಗಾಳದವರು ಹಗಲು ರಾತ್ರಿ ದಡದಲ್ಲಿ ಇದ್ದಾಗ ಮಡುವಿಗೆ ತೋಟೆ ಎಸೆಯುವವರಿಗೆ ಹೆದರಿಕೆ ಇತ್ತು. ತೋಟೆ ಸಿಡಿದರೆ ದೊಡ್ಡದು, ಮರಿ, ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ಇತ್ತು. ಅಂಥ ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್ ಪ್ರಪಂಚದಲ್ಲಿ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 2018ರಲ್ಲಿ ಅದನ್ನೂ ತೀರಾ ಅಳಿವಿನ ಅಂಚಿನಲ್ಲಿದೆ ಅಂತ ಪಟ್ಟಿಗೆ ಹಾಕಿದರು. ಟೇ ನದಿಯ ಮೊದಲ ದಿನದ ಥರ ಒಂದು ದಿನ ನಮಗೂ ಇದ್ದಿದ್ದರೆ, ಸಾವಿರ ಜನಕ್ಕಾದರೂ ಇದು ಗೊತ್ತಿರುತ್ತಿತ್ತು.

ಶೃಂಗೇರಿ ಮಂಡಕ್ಕಿ:

ತೋಟೆ ವಿಷಯ ಓದಿ ಹೊಟ್ಟೆ ಉರಿಯಿತು. ಕಾಯುವವರು ಬೇಕು, ಒಪ್ಪುತ್ತೇನೆ. ಆದರೆ ಶಿಶಿಲದಲ್ಲಿ, ರಾಮನಾಥಪುರದಲ್ಲಿ ದೇವರ ಮೀನು ಅಂತ ಹೇಳಿ ಗಾಳ ಇಲ್ಲದೆಯೇ ಕಾದಿದ್ದಾರಲ್ಲ. ನನ್ನ ಮನಸ್ಸು ಆ ಕಡೆಯೇ.

ತೀರ್ಥಹಳ್ಳಿ ಹೊಳೆ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಸಾಲ್ಮನ್ ಅಂದರೆ ಏನೋ ದೂರದ್ದು ಅಂದುಕೊಂಡಿದ್ದೆ. ಇದು ನಮ್ಮ ಹತ್ತುಮೀನೇ ಅಲ್ವಾ! ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ, ಮೊಟ್ಟೆ ಇಡಲಿಕ್ಕೆ. ನಾವು ಲಾಟೀನು ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು, ಗದ್ದೆ ಅಂಚಿನಲ್ಲಿ ಮೀನು ಹಿಡಿಯುವ ಕೂಣಿ ಇಟ್ಟು ಕಾಯುತ್ತಿದ್ದೆವು. ಮಳೆಗಾಲ ಶುರುವಾಯಿತು ಅನ್ನುವುದೇ ಆ ರಾತ್ರಿಯಿಂದ.

ಇನ್ನೊಂದು. ಆ ಕೆಲ್ಟ್ ಅನ್ನುವುದಕ್ಕೆ ಹೊಸ ಪದ ಯಾಕೆ? ಹೊಟ್ಟೆ ಒಳಗೆ ಹೋಗಿದೆ, ಸುಸ್ತಾಗಿದೆ, ಊಟವಿಲ್ಲ, ತವರಿಂದ ಹೊರಟಿದೆ. ಬಾಣಂತಿ ಮೀನು ಅನ್ನಿ.

ಅಲ್ಲಿ ಹೆಂಗಸರೂ ಗಾಳಕ್ಕೆ ಹೋಗುತ್ತಾರಾ?

ಡಂಡೀ ಕನ್ನಡತಿ:

ಬಾಣಂತಿ ಮೀನು! ಎಷ್ಟು ಸರಿಯಾದ ಪದ ಅಕ್ಕ.

ಹೋಗುತ್ತಾರೆ. ಹೋಗುವುದೇನು, ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಸಾಲ್ಮನ್ ಹಿಡಿದದ್ದು ಒಬ್ಬ ಹೆಣ್ಣುಮಗಳು, ಇದೇ ಟೇ ನದಿಯಲ್ಲಿ. ಜಾರ್ಜಿನಾ ಬ್ಯಾಲಂಟೈನ್. 1922ರ ಅಕ್ಟೋಬರ್ 7, ಕೇಪತ್ ಹತ್ತಿರ. ಮೀನಿನ ತೂಕ 64 ಪೌಂಡ್, ಅಂದರೆ 29 ಕಿಲೋ. ದೋಣಿಯಲ್ಲಿ ಅವರ ಅಪ್ಪ ಜೊತೆಗಿದ್ದರು. ಹೆಚ್ಚುಕಡಿಮೆ ಎರಡು ಗಂಟೆ ಹೊತ್ತು ಮೀನು ಎಳೆದಾಡಿಸಿತು, ದಡ ಸೇರುವಾಗ ಕತ್ತಲಾಗಿತ್ತು. ಆ ಮೀನನ್ನು ಪರ್ತ್‌ನ ಆಸ್ಪತ್ರೆಗೆ ಕೊಟ್ಟರು, ರೋಗಿಗಳು, ಸಿಬ್ಬಂದಿ ತಿಂದರು. ನೂರು ವರ್ಷ ಕಳೆದರೂ ಆ ದಾಖಲೆ ಯಾರೂ ಮುರಿದಿಲ್ಲ. ಕೇಪತ್ ಸೇತುವೆ ದಾಟುವಾಗಲೆಲ್ಲ ಕೆಳಗೆ ನೋಡುತ್ತೇನೆ. ನನ್ನ ಮಗಳಿಗೂ ಅಭ್ಯಾಸ ಆಗಿದೆ.

ಟೇ ದಡದಿಂದ:

ತೀರ್ಥಹಳ್ಳಿ ಅಕ್ಕ, ನಿಮ್ಮ ಮಾತು ಓದಿ ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ನದಿಯಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಅದೇ, ಆದರೆ ಬರೆಯಲಿಲ್ಲ. ನಮ್ಮ ಮನೆಯಲ್ಲೂ ಹತ್ತುಮೀನಿಗೆ ಹೋಗುತ್ತಿದ್ದೆವು. ಅಮ್ಮ ಹೊಟ್ಟೆ ಸೀಳುವಾಗ ಎರಡೂ ಕಡೆ ಮೊಟ್ಟೆ ತುಂಬಿರುತ್ತಿತ್ತು. ಅದನ್ನು ಬೇರೆಯಾಗಿ ತೆಗೆದು, ಹುಳಿ ಖಾರ ಹಾಕಿ ಬಾಡಿಸಿ ಕೊಡುತ್ತಿದ್ದಳು. ಅದರ ರುಚಿ ಇವತ್ತಿಗೂ ನಾಲಿಗೆ ಮೇಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೊಟ್ಟೆ ಇಟ್ಟು ಮುಗಿಸಿದ ಮೀನನ್ನು ಆ ದಿನದವರೆಗೆ ನಾನು ನೋಡಿಯೇ ಇರಲಿಲ್ಲ. ಹತ್ತಿದ್ದನ್ನು ನೋಡಿದ್ದೆ. ಇಳಿಯುವುದನ್ನು ನೋಡಿದ್ದು ಇದೇ ಮೊದಲು.

ಇಳಿಯುವವು ಕಡಿಮೆ. ಶಾಂತ ಸಾಗರದ ಬಹುಪಾಲು ಸಾಲ್ಮನ್ ಜಾತಿಗಳು ಮೊಟ್ಟೆ ಇಟ್ಟ ಮೇಲೆ ಸತ್ತೇ ಹೋಗುತ್ತವೆ. ಅಟ್ಲಾಂಟಿಕ್‌ನಲ್ಲಿ ಸಾಯುವವೇ ಜಾಸ್ತಿ, ಆದರೆ ಕೆಲವು ಬದುಕಿ ಕಡಲು ಸೇರುತ್ತವೆ. ಅದರಲ್ಲೂ ಕೆಲವೇ ಕೆಲವು ಇನ್ನೊಮ್ಮೆ ಹತ್ತುತ್ತವೆ. ಬದುಕುವುದರಲ್ಲಿ ಹೆಣ್ಣೇ ಮುಂದು. ಹಾಗಾಗಿಯೇ ಗೆಳೆಯ ಅಷ್ಟು ಜೋಪಾನ ಮಾಡಿದ್ದು.

ಹತ್ತುವುದನ್ನು ಹತ್ತಿರದಿಂದ ನೋಡಬೇಕು ಅಂದರೆ ಪಿಟ್ಲಾಖ್ರಿಗೆ ಬನ್ನಿ. ಟೇ ನದಿಗೆ ಸೇರುವ ಟಮ್ಮೆಲ್ ನದಿಗೆ ಅಲ್ಲಿ ವಿದ್ಯುತ್ತಿಗೆ ಅಣೆಕಟ್ಟು ಕಟ್ಟಿದ್ದಾರೆ. ಪಕ್ಕದಲ್ಲೇ ಮೀನಿಗೆ ಮೆಟ್ಟಿಲು. 34 ತೊಟ್ಟಿಗಳು, ಒಟ್ಟು 310 ಮೀಟರ್. ಒಂದರಿಂದ ಇನ್ನೊಂದಕ್ಕೆ ಹತ್ತುತ್ತಾ ಅಣೆಕಟ್ಟು ದಾಟಿಬಿಡುತ್ತವೆ. ಬೇಸಿಗೆಯಲ್ಲಿ ನಾನು, ಹೆಂಡತಿ ಒಂದು ಮಧ್ಯಾಹ್ನ ಪೂರ್ತಿ ಅಲ್ಲಿ ನಿಂತಿದ್ದೆವು. ಬೆಳ್ಳಿಯ ಒಂದೇ ಒಂದು ಬೆನ್ನು ಕಂಡಿತು. ನಮ್ಮ ಹೊಳೆಗಳ ಕಿರು ಅಣೆಕಟ್ಟುಗಳಿಗೂ ಹೀಗೊಂದು ದಾರಿ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಆವತ್ತಿಡೀ ಅದೇ ಮಾತಾಡಿದೆವು.

ಗೆಳೆಯನಿಗೆ ನಿನ್ನೆ ಊಟದ ಹೊತ್ತಿನಲ್ಲಿ ಈ ಚರ್ಚೆಯೆಲ್ಲ ಹೇಳಿದೆ. "ಬಾಣಂತಿ" ಅನ್ನುವುದನ್ನು ಮೂರು ನಾಲ್ಕು ಸಲ ಹೇಳಿ ಕಲಿತ. ಶೃಂಗೇರಿ ಅಕ್ಕನ ಮಾತನ್ನೂ ಹೇಳಿದೆ. ಅದಕ್ಕೆ ಅವನು ಉತ್ತರ ಕೊಡಲಿಲ್ಲ, ತಲೆ ಮಾತ್ರ ಆಡಿಸಿದ. ಆಮೇಲೆ ಹತ್ತುಮೀನಿನ ಬಗ್ಗೆಯೇ ಕೇಳುತ್ತಾ ಹೋದ. ಯಾವ ತಿಂಗಳು, ನೀರು ಎಷ್ಟು ಬೆಚ್ಚಗಿರುತ್ತೆ, ಎಷ್ಟು ದೂರ ಹತ್ತುತ್ತೆ. ನಮ್ಮ ಅಡುಗೆಮನೆ ಹಿಂದಿನ ಗದ್ದೆವರೆಗೆ ಅಂದೆ. ನಂಬಲಿಲ್ಲ.

ತೀರ್ಥಹಳ್ಳಿ ಹೊಳೆ:

ಕರೆದುಕೊಂಡು ಬನ್ನಿ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಬಂದರೆ ಸರಿ. ಕಂಬಳಿಕೊಪ್ಪೆ ಎರಡು ಇವೆ, ಬ್ಯಾಟರಿಯೂ ಇದೆ. ಈ ವರ್ಷ ಕೂಣಿ ಅಟ್ಟದಲ್ಲೇ ಇರಲಿ ಅಂತ ಅತ್ತೆಗೆ ಹೇಳಿದ್ದೇನೆ. ಅಂಚಿನ ಮೇಲೆ ನಿಂತು ನೋಡೋಣ. ಅವರಿಗೆ ಅಕ್ಕಿ ರೊಟ್ಟಿ ಸೇರುತ್ತದಾ, ಕೇಳಿ ಹೇಳಿ.